ಪಡೆದ ರಕ್ಷಣೆ ಕಳೆದುಹೋಗುವುದೇ?

ರಾಯದುರ್ಗ, ಮಡಕಶಿರಾ ಸೀಮೆಯ ಕ್ರೈಸ್ತ ಮನೆಗಳಲ್ಲಿ ತಲೆಮಾರುಗಳಿಂದ ಕೇಳಿಬರುತ್ತಿರುವ ಪ್ರಶ್ನೆಯೊಂದುಂಟು. ಕ್ರಿಸ್ತನನ್ನು ನಂಬಿ ದೀಕ್ಷಾಸ್ನಾನ ಹೊಂದಿದವನು ಮುಂದೆ ಯಾವುದೋ ಕಾರಣದಿಂದ ಆ ಮಾರ್ಗವನ್ನು ಬಿಟ್ಟರೆ, ಅವನಿಗೆ ದೊರೆತಿದ್ದ ರಕ್ಷಣೆಯೂ ಅವನನ್ನು ಬಿಟ್ಟುಹೋಗುವುದೇ? ದೊಡ್ಡ ಊರುಗಳ ದೇವಶಾಸ್ತ್ರ ಶಾಲೆಗಳಲ್ಲಿ ಇದನ್ನು ವರ್ಷಪೂರ್ತಿ ಚರ್ಚಿಸುವವರಿದ್ದಾರೆ. ನಮ್ಮ ಕಡೆ ಇದು ಮುಖ್ಯವಾಗಿ ಎರಡೇ ಸಂದರ್ಭಗಳಲ್ಲಿ ತಲೆಯೆತ್ತುತ್ತದೆ: ಮನೆಯಲ್ಲಿ ಸಾವು ಸಂಭವಿಸಿದಾಗ, ಮತ್ತು ಮಕ್ಕಳ ಕಾಲೇಜು ಅರ್ಜಿ ತುಂಬುವ ದಿನಗಳಲ್ಲಿ. ಮೊದಲನೆಯದು ವಾಚಕರಿಗೆ ಸಹಜವೆನಿಸೀತು. ಎರಡನೆಯದೇಕೆಂಬುದು ಮುಂದೆ ತಿಳಿದುಬರುತ್ತದೆ.

ಪ್ರಶ್ನೆಗೆ ಮೊದಲು ಪದವನ್ನು ನೋಡೋಣ. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿ, ಕನ್ನಡ ಕಲಿತು, ಸತ್ಯವೇದವನ್ನು ಕನ್ನಡಿಸಲು ತೊಡಗಿದರು. 1830ರ ದಶಕದ ಆರಂಭದ ವೇಳೆಗೆ ಆ ಕಾರ್ಯ ಪೂರ್ಣಗೊಂಡಿತು. ಆಗ ನಮ್ಮ ರಾಯದುರ್ಗವೂ ಬಳ್ಳಾರಿ ಜಿಲ್ಲೆಯದೇ ತಾಲೂಕು. ಆ ಮೊದಲ ಅನುವಾದವನ್ನು ಅನಂತರದವರು ಹಲವು ಬಾರಿ ತಿದ್ದಿದ್ದಾರೆ. ಆದರೆ ಇಂದಿಗೂ ಕನ್ನಡ ಸತ್ಯವೇದವನ್ನು ತೆರೆದರೆ ಮೇಲಿಂದ ಮೇಲೆ ಕಣ್ಣಿಗೆ ಬೀಳುವ ಶಬ್ದ ‘ಮೋಕ್ಷ’ವಲ್ಲ, ‘ಮುಕ್ತಿ’ಯೂ ಅಲ್ಲ, ‘ರಕ್ಷಣೆ’. ತೆಲುಗಿನವರದೂ ಅದೇ ಶಬ್ದ. ಮುಕ್ತಿಯೆಂದರೆ ಬಿಡುಗಡೆ, ಒಮ್ಮೆ ಕಟ್ಟು ಹರಿಯಿತೆಂದರೆ ಮುಗಿಯಿತು. ರಕ್ಷಣೆ ಹಾಗಲ್ಲ. ರಕ್ಷಿಸುವವನೊಬ್ಬನು ಎದುರಿಗಿರಬೇಕು, ಅವನು ಇಂದೂ ನಾಳೆಯೂ ರಕ್ಷಿಸುತ್ತಲೇ ಇರಬೇಕು. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವ ಒಡವೆಯಂತೆ ಅದನ್ನು ಭಾವಿಸಿದಾಗಲೇ ‘ಕಳೆದುಹೋಯಿತೇ’ ಎಂಬ ಪ್ರಶ್ನೆಗೆ ಎಡೆಯಾಗುತ್ತದೆಂದು ನಮಗೆ ಅನೇಕ ಸಲ ತೋರಿದೆ.

ನಮ್ಮ ಸೀಮೆಯ ಮೂಲಕ ಹಾದುಹೋಗುವ ಗಡಿರೇಖೆ ಒಂದೇ ಅಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆ ಸೇರಿ, ರಾಯದುರ್ಗವು ಅನಂತಪುರ ಜಿಲ್ಲೆಯದಾಯಿತು. ಮಡಕಶಿರಾ ಮದರಾಸಿನ ಕಾಲದಿಂದಲೂ ಅನಂತಪುರದ್ದೇ; ಮೂರು ದಿಕ್ಕಿಗೂ ಕನ್ನಡನಾಡು ಸುತ್ತುವರಿದಿದ್ದರೂ ಸರಕಾರಿ ಕಾಗದ ಬರುವುದು ತೆಲುಗಿನಲ್ಲಿ. 2022ರ ಏಪ್ರಿಲಿನಲ್ಲಿ ಜಿಲ್ಲೆಗಳನ್ನು ಒಡೆದಾಗ ಮಡಕಶಿರಾ ಪುಟ್ಟಪರ್ತಿ ಕೇಂದ್ರವಾದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ರಾಯದುರ್ಗ ಅನಂತಪುರದಲ್ಲೇ ಉಳಿಯಿತು. ಹೀಗೆ ನಮ್ಮ ಬಂಧುಗಳು ಕುಳಿತಲ್ಲೇ ಜಿಲ್ಲೆ, ರಾಜ್ಯಗಳನ್ನು ಬದಲಾಯಿಸಿದವರು. ಮನೆಯೊಳಗಿನ ಮಾತು ಮಾತ್ರ ಬದಲಾಗಲಿಲ್ಲ. ಆರಾಧನೆಯಲ್ಲಿ ತೆಲುಗು ಹಾಡಿ ಬಂದ ಮೇಲೆ ಮನೆಯಲ್ಲಿ ಪ್ರಾರ್ಥನೆ ಮಾಡುವುದು ಕನ್ನಡದಲ್ಲಿಯೇ.

ಇವುಗಳಿಗಿಂತ ಹಳೆಯದಾದ ಇನ್ನೊಂದು ಗಡಿಯುಂಟು. ಅದು ಯಾವ ನಕ್ಷೆಯಲ್ಲಿಯೂ ಕಾಣದು. ಬಳ್ಳಾರಿಯಲ್ಲಿಯೂ, ಗುತ್ತಿ ಅನಂತಪುರಗಳ ಕಡೆಯೂ ಕೆಲಸ ಮಾಡಿದವರು ಲಂಡನ್ ಮಿಷನ್ನಿನವರು. ಮಡಕಶಿರೆಯ ಆಚೆ, ಮೈಸೂರು ಸೀಮೆಯ ತುಮಕೂರು, ಗುಬ್ಬಿಗಳಲ್ಲಿ 1830ರ ದಶಕದ ಕೊನೆಯಿಂದ ನೆಲೆಯೂರಿದವರು ವೆಸ್ಲಿಯನ್ ಮಿಷನ್ನಿನವರು. ನಾವು ಕೇಳಿರುವ ಪ್ರಶ್ನೆಗೆ ಈ ಎರಡು ಪಂಗಡಗಳ ಪೂರ್ವಿಕರು ಇಂಗ್ಲೆಂಡಿನಲ್ಲಿ ಕೊಟ್ಟಿದ್ದ ಉತ್ತರಗಳು ಒಂದಕ್ಕೊಂದು ವಿರುದ್ಧವಾದವು. ಲಂಡನ್ ಮಿಷನ್ನಿನ ಬಹುಪಾಲು ಜನ ಕಾಂಗ್ರಿಗೇಷನಲ್ ಸಭೆಗಳಿಂದ ಬಂದವರು. ಅವರ ಹಿರಿಯರು ಕಾಲ್ವಿನ್ನನ ಬೋಧನೆಯನ್ನು ಹಿಡಿದವರು. 1618 ಮತ್ತು 19ರಲ್ಲಿ ಹಾಲೆಂಡಿನ ಡಾರ್ಟ್ ಎಂಬ ಊರಿನಲ್ಲಿ ನೆರೆದ ಮಹಾಸಭೆಯೂ, 1640ರ ದಶಕದಲ್ಲಿ ಲಂಡನ್ನಿನ ವೆಸ್ಟ್‌ಮಿನ್‌ಸ್ಟರಿನಲ್ಲಿ ಕೂಡಿದ ಪಂಡಿತರೂ ಇದನ್ನೇ ಸ್ಥಿರಪಡಿಸಿದ್ದರು: ದೇವರು ಆರಿಸಿಕೊಂಡವನು ಎಡವಬಹುದು, ಬೀಳಬಹುದು, ಆದರೆ ಕಡೆಗೂ ನಾಶವಾಗಲಾರನು. ಜಾನ್ ವೆಸ್ಲಿ ಇದನ್ನು ಒಪ್ಪಲಿಲ್ಲ. ನಿಜವಾಗಿ ನಂಬಿದವನೂ ಕೃಪೆಯಿಂದ ಬಿದ್ದು ಪೂರ್ತಿಯಾಗಿ ಹಾಳಾಗಬಲ್ಲನೆಂದು ಆತ 1751ರಲ್ಲಿ ಇದಕ್ಕಾಗಿಯೇ ಒಂದು ಚಿಕ್ಕ ಪುಸ್ತಕ ಬರೆದನು. ಆತನ ಶಿಷ್ಯಮಂಡಲಿಗಳಲ್ಲಿ ಮೂರು ತಿಂಗಳಿಗೊಮ್ಮೆ ಹೊಸ ಚೀಟಿ ಕೊಡುವ ಪದ್ಧತಿಯಿತ್ತು. ನಡತೆ ಕೆಟ್ಟವನಿಗೆ ಮುಂದಿನ ಚೀಟಿ ಇಲ್ಲ. ಚೀಟಿಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಕಾಗದದ ಸಂಗತಿ ಈ ಲೇಖನದಲ್ಲಿ ಮತ್ತೆ ಬರಲಿದೆ.

ಇದನ್ನು ಕೇಳಿ ‘ಇದೆಲ್ಲ ವಿಲಾಯಿತಿಯ ಜಗಳ’ ಎಂದು ಮೂಗು ಮುರಿಯಬೇಕಾಗಿಲ್ಲ. ನಮ್ಮ ದಕ್ಷಿಣದೇಶದ ಶ್ರೀವೈಷ್ಣವರಲ್ಲಿ ವಡಗಲೆ, ತೆಂಗಲೆಯವರು ಮಾಡಿದ ವಾದವೂ ಇದರ ಸೋದರನೇ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಅಪ್ಪಿಕೊಳ್ಳಬೇಕು, ಕೈ ಸಡಿಲಿಸಿದರೆ ಬಿದ್ದಂತೆಯೇ. ಬೆಕ್ಕಿನ ಮರಿಯನ್ನಾದರೋ ತಾಯಿಯೇ ಬಾಯಲ್ಲಿ ಕಚ್ಚಿ ಒಯ್ಯುತ್ತದೆ, ಮರಿ ಸುಮ್ಮನಿದ್ದರಾಯಿತು. ವೆಸ್ಲಿಯದು ಮರ್ಕಟ ನ್ಯಾಯ, ಕಾಲ್ವಿನ್ನನದು ಮಾರ್ಜಾಲ ನ್ಯಾಯವೆಂದರೆ ನಮ್ಮ ಊರಿನ ಯಾರಿಗೂ ಎರಡನೆಯ ಸಲ ಹೇಳಬೇಕಾಗಿಲ್ಲ. ವೀರಶೈವರಲ್ಲಿಯೂ, ಕೊರಳಿನ ಇಷ್ಟಲಿಂಗ ಕಳೆದುಹೋದರೆ ಭಕ್ತನು ಪ್ರಾಣ ಬಿಡಬೇಕೇ ಬೇಡವೇ ಎಂದು ವಾದಿಸಿದವರಿದ್ದರು. ಬಿಡಬೇಕೆಂದವರೂ, ಹಾಗಲ್ಲವೆಂದವರೂ ಶರಣರ ಸಾಲಿನಲ್ಲಿಯೇ ಇದ್ದರು. ದೇವರನ್ನು ಗಂಭೀರವಾಗಿ ಹಿಡಿದ ಜನಕ್ಕೆಲ್ಲ ಈ ಅಂಜಿಕೆ ಒಂದಲ್ಲ ಒಂದು ದಿನ ಹುಟ್ಟಿಯೇ ತೀರುತ್ತದೆ.

ವೆಸ್ಲಿಗೂ ಆತನ ಗೆಳೆಯ ಜಾರ್ಜ್ ವಿಟ್‌ಫೀಲ್ಡನಿಗೂ ಇದೇ ವಿಷಯದಲ್ಲಿ 1740ರ ಸುಮಾರಿಗೆ ಒಡಕುಂಟಾಗಿ, ಇಬ್ಬರ ಮಂಡಲಿಗಳೂ ಬೇರೆಬೇರೆಯಾದವು. ಹೀಗಿದ್ದೂ 1770ರಲ್ಲಿ ವಿಟ್‌ಫೀಲ್ಡ್ ಅಮೆರಿಕೆಯಲ್ಲಿ ತೀರಿಕೊಂಡಾಗ, ಆತನ ಅಪೇಕ್ಷೆಯಂತೆಯೇ ಲಂಡನ್ನಿನಲ್ಲಿ ಮರಣಪ್ರಸಂಗ ಮಾಡಿದವನು ವೆಸ್ಲಿ. ವಾದದಲ್ಲಿ ಸೋಲದ ಇಬ್ಬರು ಶವಪೆಟ್ಟಿಗೆಯ ವಿಷಯ ಬಂದಾಗ ಒಂದಾದರೆಂಬುದು ನಮಗೆ ಅವರ ಎಲ್ಲ ಗ್ರಂಥಗಳಿಗಿಂತ ಹೆಚ್ಚು ಪ್ರಿಯವಾದ ಸಂಗತಿ. 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ದಕ್ಷಿಣ ಇಂಡಿಯಾ ಸಭೆಯು ಹುಟ್ಟಿದಾಗ ಲಂಡನ್ ಮಿಷನ್ನಿನ ಮಕ್ಕಳೂ, ವೆಸ್ಲಿಯ ಮಕ್ಕಳೂ, ಆಂಗ್ಲಿಕನ್ನರೊಡನೆ ಒಂದೇ ಪಂಕ್ತಿಯಲ್ಲಿ ಕುಳಿತರು. ಹಳೆಯ ಪ್ರಶ್ನೆಗೆ ಉತ್ತರ ಸಿಕ್ಕಿತೆಂದಲ್ಲ. ಉತ್ತರ ಸಿಗದೆಯೂ ಒಟ್ಟಿಗೆ ರೊಟ್ಟಿ ಮುರಿಯಬಹುದೆಂದು ಕಂಡುಕೊಂಡರು.

ಸತ್ಯವೇದವೇನು ಹೇಳುತ್ತದೆ? ಎರಡನ್ನೂ ಹೇಳುತ್ತದೆ, ತೊಡಕಿರುವುದೇ ಅಲ್ಲಿ. ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಕುರಿಗಳನ್ನು ತಂದೆಯ ಕೈಯಿಂದ ಯಾರೂ ಕಸಿಯಲಾರರೆಂಬ ಭರವಸೆಯಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ ಎಂಟನೆಯ ಅಧ್ಯಾಯದ ಕೊನೆಯಲ್ಲಿ ಪೌಲನು ಮರಣವನ್ನೂ ದೇವದೂತರನ್ನೂ ಇಂದಿನದನ್ನೂ ಮುಂದಿನದನ್ನೂ ಎಣಿಸಿ, ಇವಾವುದಕ್ಕೂ ನಮ್ಮನ್ನು ದೇವರ ಪ್ರೀತಿಯಿಂದ ಅಗಲಿಸುವ ಬಲವಿಲ್ಲವೆನ್ನುತ್ತಾನೆ. ಆದರೆ ಇಬ್ರಿಯರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯವನ್ನು ಓದಿದರೆ ಎದೆ ನಡುಗುತ್ತದೆ. ಬೆಳಕು ಕಂಡು, ಪರಲೋಕದ ದಾನವನ್ನು ರುಚಿನೋಡಿ, ಆಮೇಲೆ ಬಿದ್ದುಹೋದವರನ್ನು ಮತ್ತೆ ಮಾನಸಾಂತರಕ್ಕೆ ತರುವುದು ಅಸಾಧ್ಯವೆಂದು ಅಲ್ಲಿದೆ. ಎಲ್ಲರಿಗೂ ಭರವಸೆ ಹಂಚಿದ ಪೌಲನೇ ಕೊರಿಂಥದವರಿಗೆ ಬರೆಯುವಾಗ, ಇತರರಿಗೆ ಸಾರಿದ ತಾನೇ ಅಯೋಗ್ಯನಾದೇನೆಂದು ಅಂಜಿ ತನ್ನ ದೇಹವನ್ನು ದಂಡಿಸುತ್ತೇನೆನ್ನುತ್ತಾನೆ. ಒಂದು ಪಕ್ಷದವರು, ಬಿಟ್ಟುಹೋದವರು ಮೊದಲಿನಿಂದಲೇ ನಮ್ಮವರಾಗಿರಲಿಲ್ಲವೆಂದು ಯೋಹಾನನ ಪತ್ರಿಕೆಯನ್ನು ತೋರಿಸುತ್ತಾರೆ. ಜಾಣ ಉತ್ತರವೇನೋ ಹೌದು. ಆದರೆ ಮೂವತ್ತು ವರ್ಷ ನಮ್ಮೊಡನೆ ಹಾಡಿದವನನ್ನು, ಅವನು ಹೊರಟುಹೋದ ಮರುದಿನ, ಎಂದೂ ನಮ್ಮವನಾಗಿರಲೇ ಇಲ್ಲವೆನ್ನುವ ಧೈರ್ಯ ನಮಗಂತೂ ಇಲ್ಲ. ಹಾಗೆಂದರೆ ಇಂದು ಹಾಡುತ್ತಿರುವವರ ಗತಿಯೇನು? ಸಾಯುವ ತನಕ ಯಾರೂ ಯಾರವರೂ ಅಲ್ಲವೆಂದಂತಾಗುತ್ತದೆ.

ನಮ್ಮ ಸೋದರಮಾವನ ಸಂಗತಿಯನ್ನು ಇಲ್ಲಿ ಹೇಳಬೇಕು. ಅವರು ಮಡಕಶಿರಾ ಕಡೆಯ ಒಂದು ಹಳ್ಳಿಯವರು. ಅವರ ಅಜ್ಜನ ಕಾಲದಲ್ಲಿ ಕುಟುಂಬ ಕ್ರೈಸ್ತ ಮತಕ್ಕೆ ಬಂದಿತ್ತು. ಮಾವ ಓದಿನಲ್ಲಿ ಚುರುಕು. ಭಾನುವಾರದ ಶಾಲೆಯಲ್ಲಿ ದಾವೀದನ ಕೀರ್ತನೆಗಳನ್ನು ಬಾಯಿಪಾಠ ಒಪ್ಪಿಸಿ ಬಹುಮಾನ ಪಡೆದವರು. ಸರಕಾರಿ ಉಪಾಧ್ಯಾಯ ವೃತ್ತಿ ದೊರೆತಾಗ ಅವರ ದಾಖಲೆಯಲ್ಲಿ ಹಿಂದೂ, ಪರಿಶಿಷ್ಟ ಜಾತಿ ಎಂದು ಬರೆದಿತ್ತು. ಆ ಬರಹಕ್ಕೆ ತಕ್ಕಂತೆ ಬದುಕಬೇಕಾಯಿತೋ, ಬದುಕಿಗೆ ತಕ್ಕಂತೆ ಬರಹ ಬಂದಿತೋ, ಅವರು ಮೆಲ್ಲಮೆಲ್ಲನೆ ಗುಡಿಯ ಕಡೆ ಬರುವುದನ್ನು ನಿಲ್ಲಿಸಿದರು. (ನಮ್ಮ ಕಡೆ ಕ್ರೈಸ್ತರ ಆರಾಧನಾಮಂದಿರಕ್ಕೂ ಹಿರಿಯರು ಗುಡಿಯೆಂದೇ ಅನ್ನುತ್ತಾರೆ.) ಮೊದಮೊದಲು ಹಬ್ಬಗಳಿಗೆ ಬರುತ್ತಿದ್ದರು, ಆಮೇಲೆ ಅದೂ ಇಲ್ಲ. ಹಿರಿಯ ಮಗಳ ಮದುವೆ ಊರ ದೇವಸ್ಥಾನದಲ್ಲಿ ನಡೆಯಿತು. ಸಭೆಯ ಪಟ್ಟಿಯಿಂದ ಅವರ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ್ದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಆದರೆ ಪ್ರತಿ ಡಿಸೆಂಬರಿನಲ್ಲಿ ಸಭೆಯ ಅಂಗಳಕ್ಕೆ ಒಂದು ಚೀಲ ಶೇಂಗಾ ಬಂದು ಬೀಳುತ್ತಿತ್ತು. ಕಳಿಸಿದವರ ಹೆಸರಿರುತ್ತಿರಲಿಲ್ಲ. ಗಾಡಿಯವನನ್ನು ಕೇಳಿದರೆ ನಗುತ್ತಿದ್ದನು. ಯಾವ ಹೊಲದ ಶೇಂಗಾ ಎಂಬುದು ಊರಿಗೆಲ್ಲ ತಿಳಿದಿತ್ತು. ಯಾರೂ ಬಾಯಿಬಿಡಲಿಲ್ಲ, ಮಕ್ಕಳು ಹುರಿದು ತಿಂದರು.

ನಿವೃತ್ತಿಯಾಗಿ ಕೆಲವು ವರ್ಷಗಳಿಗೆ ಮಾವ ತೀರಿಕೊಂಡರು. ತಮ್ಮನ್ನು ತಾಯಿಯ ಪಕ್ಕದಲ್ಲಿ ಹೂಳಬೇಕೆಂದು ಅತ್ತೆಗೆ ಹೇಳಿದ್ದರಂತೆ. ತಾಯಿ ಮಲಗಿರುವುದು ಸಭೆಯ ಸ್ಮಶಾನದಲ್ಲಿ. ಹೆಣ ಅಂಗಳದಲ್ಲಿರುವಾಗಲೇ ಹಿರಿಯರು ಬೇವಿನ ಮರದಡಿಯಲ್ಲಿ ಕುಳಿತು ಚರ್ಚೆಗೆ ತೊಡಗಿದರು. ಒಬ್ಬರು ಇಬ್ರಿಯರ ಪತ್ರಿಕೆಯ ಆರನೆಯ ಅಧ್ಯಾಯವನ್ನು ತೆರೆದು ಓದಿದರು. ಇನ್ನೊಬ್ಬರು, ಕಷ್ಟಕಾಲದಲ್ಲಿಯೂ ಗುಡಿ ಬಿಡದೆ, ಉಪಕಾರವೇತನ ಕಳೆದುಕೊಂಡು ಮಕ್ಕಳನ್ನು ಕೂಲಿಗೆ ಕಳಿಸಿದವರು, ‘ಹಾಗಾದರೆ ನಾವು ಮಾಡಿದ್ದಕ್ಕೆ ಅರ್ಥವೇನು?’ ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ದ್ವೇಷವಿರಲಿಲ್ಲ, ನೋವಿತ್ತು. ಅದಕ್ಕೆ ಯಾರಿಂದಲೂ ಉತ್ತರ ಬರಲಿಲ್ಲ. ಮಧ್ಯಾಹ್ನದ ತನಕ ಎಳೆದ ಮಾತು ಕಡೆಗೆ ಹೀಗೆ ತೀರ್ಮಾನವಾಯಿತು: ನೆಲ ಕೊಡಬಹುದು, ಗಂಟೆ ಬಾರಿಸುವಂತಿಲ್ಲ, ಸಭಾಪಾಲಕರು ನಿಲುವಂಗಿ ತೊಡದೆ ಬರಬಹುದು, ಸಭೆಯ ಕ್ರಮದ ಪುಸ್ತಕ ತೆರೆಯುವಂತಿಲ್ಲ. ತಾಯಿಯ ಪಕ್ಕದಲ್ಲಿ ಜಾಗವಿರಲಿಲ್ಲವಾಗಿ ಗೋಡೆಯ ಬದಿಗೆ ಗುಂಡಿ ತೋಡಿದರು. ಮಣ್ಣೆಳೆಯುವಾಗ, ಅರ್ಥವೇನೆಂದು ಕೇಳಿದ್ದ ಆ ಹಿರಿಯರೇ ಇಪ್ಪತ್ತಮೂರನೆಯ ಕೀರ್ತನೆಯನ್ನು ಪುಸ್ತಕವಿಲ್ಲದೆ ಹೇಳಿದರು. ಭಾನುವಾರದ ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನವರು.

ಇಂಥ ಮಧ್ಯಾಹ್ನಗಳು ಕ್ರೈಸ್ತ ಸಭೆಗೆ ಹೊಸವೇನೂ ಅಲ್ಲ. ಕ್ರಿಸ್ತಶಕ 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸನು, ಪ್ರಜೆಗಳೆಲ್ಲ ದೇವತೆಗಳಿಗೆ ಬಲಿಯರ್ಪಿಸಿ ಅಧಿಕಾರಿಗಳಿಂದ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞಾಪಿಸಿದನು. ತಾನು ಎಂದೆಂದೂ ದೇವತೆಗಳಿಗೆ ನಡೆದುಕೊಂಡವನು, ಈಗಲೂ ನಿಮ್ಮೆದುರಿಗೆ ಬಲಿಯ ರುಚಿ ನೋಡಿದ್ದೇನೆ ಎಂಬ ಧಾಟಿಯ ಅರ್ಜಿ. ಕೆಳಗೆ ಅಧಿಕಾರಿಗಳ ರುಜು. ಇಂಥ ನಲವತ್ತಕ್ಕೂ ಹೆಚ್ಚು ಪತ್ರಗಳು ಈಜಿಪ್ಟಿನ ಮರಳಿನಲ್ಲಿ ಸಿಕ್ಕಿವೆ. ಮೊದಲನೆಯದು ಅಚ್ಚಾದದ್ದು 1893ರಲ್ಲಿ. ಕೆಲವು ಕ್ರೈಸ್ತರು ಬಲಿಯರ್ಪಿಸಿದರು. ಕೆಲವರು ಸೆರೆಗೆ ಹೋದರು, ಸತ್ತರು. ಇನ್ನು ಕೆಲವರು ಬಲಿ ಕೊಡದೆ, ಲಂಚ ಕೊಟ್ಟು ಬರಿಯ ಕಾಗದವನ್ನು ಮಾತ್ರ ಪಡೆದರು. ಹಿಂಸೆ ತಣ್ಣಗಾದ ಮೇಲೆ ಇವರೆಲ್ಲ ಅಳುತ್ತ ಸಭೆಯ ಬಾಗಿಲಿಗೆ ಬಂದರು. ಸೇರಿಸಿಕೊಳ್ಳಬೇಕೇ? ರೋಮಿನ ನೊವೇಷಿಯನ್ ಎಂಬವನು ಕೂಡದೆಂದನು, ಅದಕ್ಕಾಗಿ ಸಭೆಯನ್ನೇ ಒಡೆದನು. ಕಾರ್ತೇಜಿನ ಬಿಷಪ್ ಸಿಪ್ರಿಯನ್ನನು 251ರಲ್ಲಿ ಬಿಷಪರನ್ನು ಕೂಡಿಸಿ, ಒಬ್ಬೊಬ್ಬರ ಸಂಗತಿಯನ್ನೂ ಬೇರೆಬೇರೆಯಾಗಿ ವಿಚಾರಿಸುವಂತೆ ಮಾಡಿದನು. ಕಾಗದ ಮಾತ್ರ ಕೊಂಡವರನ್ನು ಪಶ್ಚಾತ್ತಾಪದ ಬಳಿಕ ಸೇರಿಸಿಕೊಂಡರು. ಬಲಿಯರ್ಪಿಸಿದವರಿಗೆ ದೀರ್ಘಕಾಲದ ಪ್ರಾಯಶ್ಚಿತ್ತ. ಸಾವು ಸಮೀಪಿಸಿದರೆ ಸಮಾಧಾನ ನೀಡಬಹುದೆಂದಾಯಿತು. ಹಿಂಸೆಯ ಕಾಲದಲ್ಲಿ ಸಿಪ್ರಿಯನ್ನನೇ ಊರು ಬಿಟ್ಟು ಅಡಗಿದ್ದವನು. ಎಂಟು ವರ್ಷಗಳ ತರುವಾಯ, 258ರಲ್ಲಿ, ಅಡಗದೆ ನಿಂತು ತಲೆ ಕೊಟ್ಟನು.

ಒಂದು ಅಂಶವನ್ನು ಗಮನಿಸಬೇಕು. ಮರಳಿ ಬಂದವರಿಗೆ ಯಾರೂ ಎರಡನೆಯ ಸಲ ದೀಕ್ಷಾಸ್ನಾನ ಮಾಡಿಸಲಿಲ್ಲ. ತಲೆಯ ಮೇಲೆ ಕೈಯಿಟ್ಟು ಒಳಗೆ ಕರೆದುಕೊಂಡರು. ನಮ್ಮ ಸಭೆಗಳ ಪದ್ಧತಿಯೂ ಇಂದಿಗೂ ಅದೇ. ಹೊಸದಾಗಿ ಹುಟ್ಟಿಕೊಂಡಿರುವ ಪ್ರಾರ್ಥನಾಮಂದಿರಗಳಲ್ಲಿ ಕೆಲವು ಮತ್ತೆ ನೀರಿಗಿಳಿಸುತ್ತವೆ, ಅದು ಬೇರೆ ಮಾತು. ಮೊದಲಿನದು ಪೂರ್ತಿ ಅಳಿಸಿಹೋಗಿದ್ದರೆ ಮೊದಲಿನಿಂದಲೇ ಆರಂಭಿಸಬೇಕಾಗಿತ್ತಲ್ಲವೇ? ಬಾಯಲ್ಲಿ ಏನೇ ವಾದಿಸಿದರೂ ಸಭೆಯ ಕೈಗಳು ಹದಿನೆಂಟು ಶತಮಾನಗಳಿಂದ ಬೇರೆಯೇ ಒಂದು ಉತ್ತರವನ್ನು ಕೊಡುತ್ತ ಬಂದಿವೆ.

ಈಗ ನಮ್ಮ ಕಾಲದ ಪ್ರಮಾಣಪತ್ರಕ್ಕೆ ಬರೋಣ. ಹೋಲಿಕೆಯನ್ನು ಅತಿಯಾಗಿ ಎಳೆಯಬಾರದು. ಡೀಸಿಯಸನು ಕಾಗದವಿಲ್ಲದವರನ್ನು ಕೊಲ್ಲಿಸಿದನು. ನಮ್ಮ ಸರಕಾರ ಯಾರ ತಲೆಯನ್ನೂ ಕೇಳುತ್ತಿಲ್ಲ, ಆಸರೆ ನೀಡಲು ಹೊರಟು ಆಸರೆಗೊಂದು ಎಲ್ಲೆ ಹಾಕಿದೆ. 1950ರ ಆಗಸ್ಟ್ 10ರ ರಾಷ್ಟ್ರಪತಿಗಳ ಆದೇಶದಂತೆ ಹಿಂದೂ ಧರ್ಮದವರಲ್ಲದೆ ಬೇರೆಯವರು ಪರಿಶಿಷ್ಟ ಜಾತಿಯವರೆನಿಸಲಾರರು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಬಾಗಿಲು ತೆರೆಯಿತು. ಕ್ರೈಸ್ತರಿಗೆ, ಮುಸಲ್ಮಾನರಿಗೆ ಇಲ್ಲ. ಆಂಧ್ರದಲ್ಲಿ ಪರಿಶಿಷ್ಟರಿಗೆ ನೂರಕ್ಕೆ 15 ಸ್ಥಾನಗಳು ಮೀಸಲು. ಅವರಲ್ಲಿ ಕ್ರೈಸ್ತರಾದವರನ್ನು ಹಿಂದುಳಿದ ವರ್ಗಗಳ ‘ಸಿ’ ಗುಂಪಿಗೆ ಹಾಕಿ ನೂರಕ್ಕೆ 1 ಕೊಟ್ಟಿದ್ದಾರೆ. ಕೇರಿ ಒಂದೇ, ಬಾವಿ ಒಂದೇ, ಮೇಲ್ಜಾತಿಯವರು ಆಡುವ ಮಾತೂ ಒಂದೇ. ದೀಕ್ಷಾಸ್ನಾನದ ನೀರಿನಿಂದ ಇವಾವುವೂ ತೊಳೆದುಹೋಗಲಿಲ್ಲ. ಹಾಗಾಗಿ ಅನೇಕ ಮನೆಗಳಲ್ಲಿ ಎರಡು ಹೆಸರು, ಎರಡು ದಾಖಲೆ. ಗುಡಿಯ ಪಟ್ಟಿಯಲ್ಲೊಂದು, ಮಂಡಲ ಕಚೇರಿಯಲ್ಲೊಂದು.

ಬಿಟ್ಟುಬಂದವನು ಏನನ್ನು ಕಳೆದುಕೊಳ್ಳುತ್ತಾನೆ, ಮರಳಿ ಹೋದರೆ ಏನು ದೊರೆಯುತ್ತದೆ ಎಂಬ ಪ್ರಶ್ನೆ ನ್ಯಾಯಾಲಯಗಳನ್ನೂ ಕಾಡಿದೆ. ಅದರ ಪ್ರಸಿದ್ಧ ಮೊಕದ್ದಮೆ ಕನ್ನಡನಾಡಿನದೇ, ಕೋಲಾರದ ಚಿನ್ನದ ಗಣಿಯದು. ಅಲ್ಲಿನ ಮೀಸಲು ಕ್ಷೇತ್ರದಿಂದ 1967ರಲ್ಲಿ ವಿಧಾನಸಭೆಗೆ ಆರಿಸಿಬಂದ ಎಸ್. ರಾಜಗೋಪಾಲ್ ಹಿಂದೆ ಕ್ರೈಸ್ತರಾಗಿದ್ದವರೆಂದು ಸಿ. ಎಂ. ಆರ್ಮುಗಂ ದಾವೆ ಹೂಡಿದರು. ರಾಜಗೋಪಾಲ್ ಹಿಂದೂ ಧರ್ಮಕ್ಕೆ ಮರಳಿದ್ದು ನಿಜವಾದರೂ ಜಾತಿಯವರು ಅವರನ್ನು ಮರಳಿ ಸೇರಿಸಿಕೊಂಡುದಕ್ಕೆ ಸಾಕ್ಷ್ಯವಿಲ್ಲವೆಂದು 1968ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತು, ಅವರು ಸ್ಥಾನ ಕಳೆದುಕೊಂಡರು. 1972ರಲ್ಲಿ ಮತ್ತೆ ಗೆದ್ದರು, ಮತ್ತೆ ದಾವೆ. ಈ ಬಾರಿ, 1975ರಲ್ಲಿ, ಆದಿದ್ರಾವಿಡ ಜಾತಿಯವರು ಅವರನ್ನು ತಮ್ಮವರೆಂದು ಒಪ್ಪಿಕೊಂಡಿದ್ದಾರೆಂದು ಅದೇ ನ್ಯಾಯಾಲಯ ಹೇಳಿತು, ಸ್ಥಾನ ಉಳಿಯಿತು. ಒಬ್ಬ ಮನುಷ್ಯನು ಏನಾಗಿದ್ದಾನೆಂಬುದನ್ನು ಅವನನ್ನು ಯಾರು ತಮ್ಮವನೆನ್ನುತ್ತಾರೆ ಎಂಬುದರಿಂದ ತಿಳಿಯಬೇಕು. ತೀರ್ಪುಗಳ ಸಾರ ಅದು. ಮಾವನ ಗೋರಿಗೆ ನೆಲ ಹುಡುಕಿದ ದಿನ ಸಭೆಯ ಹಿರಿಯರೂ ಅರಿವಿಲ್ಲದೆ ಅದನ್ನೇ ಕೇಳುತ್ತಿದ್ದರು. 2024ರ ನವೆಂಬರಿನಲ್ಲಿ ಪುದುಚೇರಿಯ ಒಬ್ಬ ಹೆಣ್ಣುಮಗಳ ಮೇಲ್ಮನವಿಯಲ್ಲಿ ಅದೇ ನ್ಯಾಯಾಲಯ, ನಿಜವಾದ ನಂಬಿಕೆಯಿಲ್ಲದೆ ಕೇವಲ ಮೀಸಲಾತಿಗಾಗಿ ಹಿಂದೂ ಎಂದು ಹೇಳಿಕೊಳ್ಳುವುದು ಸಂವಿಧಾನಕ್ಕೆ ಮಾಡುವ ವಂಚನೆಯೆಂದು ಕಠಿಣವಾಗಿಯೇ ನುಡಿದಿದೆ. ಮೀಸಲು ಕ್ಷೇತ್ರವಾದ ಮಡಕಶಿರೆಯಲ್ಲಿ ಆ ಸುದ್ದಿಯನ್ನು ಜನ ಗಟ್ಟಿಯಾಗಿ ಓದಲಿಲ್ಲ.

ಕಾನೂನಿನ ಎದುರು ಸುಳ್ಳು ಬರೆಯುವುದು ತಪ್ಪು. ಇದರಲ್ಲಿ ನಾವು ಯಾರಿಗೂ ರಿಯಾಯಿತಿ ಹೇಳಹೊರಟಿಲ್ಲ. ಆದೇಶವೇ ಸರಿಯೇ ಎಂಬುದು ಮತ್ತೊಂದು ಪ್ರಶ್ನೆ. ಅದಕ್ಕೆ ಬೇರೆ ಲೇಖನವೇ ಬೇಕು. ಆದರೆ ತಪ್ಪು ಮಾಡಿದವನ ರಕ್ಷಣೆ ಅಳಿಯಿತೆಂದು ಬರೆಯುವ ಕೆಂಪು ಶಾಯಿ ಯಾರ ದೌತಿಯಲ್ಲಿದೆ? ಕೊಡದಿದ್ದವರು ಕಸಿದುಕೊಳ್ಳುವುದು ಹೇಗೆ? ಪೇತ್ರನು ಒಂದೇ ರಾತ್ರಿ ಮೂರು ಬಾರಿ ಅಲ್ಲಗಳೆದನು, ಅದೂ ಚಳಿ ಕಾಯಿಸುತ್ತ ಕುಳಿತು. ಪ್ರಭುತ್ವವೇನೂ ಅವನನ್ನು ಕೇಳಿರಲಿಲ್ಲ, ಮನೆಗೆಲಸದ ಹುಡುಗಿಯೊಬ್ಬಳು ಕೇಳಿದ್ದಳು. ಆ ಮೂರು ಮಾತುಗಳೇ ಕೊನೆಯೆಂದು ಉಳಿದ ಶಿಷ್ಯರು ಅಂದೇ ಪಟ್ಟಿಯಿಂದ ಹೆಸರು ಹೊಡೆದಿದ್ದರೆ, ಮುಂದಿನ ಇತಿಹಾಸದ ಗತಿಯೇನು?

ಹಾಗಾದರೆ ಇಬ್ರಿಯರ ಪತ್ರಿಕೆಯ ಆ ಭಯಂಕರವಾದ ಮಾತುಗಳನ್ನೇನು ಮಾಡುವುದು? ಅವನ್ನು ಹರಿದುಹಾಕುವಂತಿಲ್ಲ. ನಾವು ಬಹುಕಾಲದಿಂದ ಅನುಸರಿಸುತ್ತ ಬಂದಿರುವ ಒಂದು ರೀತಿಯುಂಟು. ಎಚ್ಚರಿಕೆಯ ಮಾತುಗಳನ್ನು ನಮಗೆ ನಾವೇ ಓದಿಕೊಳ್ಳುತ್ತೇವೆ, ಭರವಸೆಯ ಮಾತುಗಳನ್ನು ನೆರೆಯವನಿಗೆ ಓದುತ್ತೇವೆ. ಪೌಲನೂ ಹಾಗೆಯೇ ಮಾಡಿದನಲ್ಲವೇ? ಅಯೋಗ್ಯನಾದೇನೆಂಬ ಅಂಜಿಕೆಯನ್ನು ತನಗಿಟ್ಟುಕೊಂಡನು. ಅಗಲಿಸಲಾರದ ಪ್ರೀತಿಯನ್ನು ರೋಮಾಪುರದವರಿಗೆ ಬರೆದು ಕಳಿಸಿದನು. ಇದನ್ನು ತಿರುವುಮುರುವು ಮಾಡಿ, ಭರವಸೆಯನ್ನು ತಾನಿಟ್ಟುಕೊಂಡು ಎಚ್ಚರಿಕೆಯನ್ನು ಪಕ್ಕದ ಮನೆಗೆ ಕಳಿಸುವವರನ್ನು ಎಲ್ಲ ಸಭೆಗಳಲ್ಲಿಯೂ ಕಂಡಿದ್ದೇವೆ. ಅವರ ಮುಖದಲ್ಲಿ ರಕ್ಷಣೆಯ ಸಂತೋಷ ಕಂಡದ್ದು ಕಡಿಮೆ.

ಲೂಕನ ಸುವಾರ್ತೆಯ ಹದಿನೈದನೆಯ ಅಧ್ಯಾಯದಲ್ಲಿ ಕಳೆದುಹೋಗುವುದು ಮೂರು: ಒಂದು ಕುರಿ, ಒಂದು ನಾಣ್ಯ, ಒಬ್ಬ ಮಗ. ಕಳೆದುಹೋಗುವವನು ಮನುಷ್ಯ. ರಕ್ಷಣೆ ಕಳೆದುಹೋಯಿತೆಂಬ ಮಾತು ಅಲ್ಲೆಲ್ಲೂ ಇಲ್ಲ. ಮಂಚದ ಕೆಳಗೆ ಉರುಳಿದ ನಾಣ್ಯದ ಮೇಲಿನ ಮುದ್ರೆ ಅಳಿಯುವುದಿಲ್ಲ, ಬೆಲೆ ಇಳಿಯುವುದಿಲ್ಲ. ಅದು ಸಂತೆಗೆ ಉಪಯೋಗವಿಲ್ಲದೆ ಕತ್ತಲಲ್ಲಿ ಬಿದ್ದಿರುತ್ತದೆ, ಅಷ್ಟೆ. ಕುರಿಯ ಸಂಗತಿ ನಮ್ಮ ಸೀಮೆಯವರಿಗೆ ಇನ್ನೂ ಚೆನ್ನಾಗಿ ಗೊತ್ತು. ಬೇಸಗೆಯಲ್ಲಿ ಮೇವಿಗಾಗಿ ಹಿಂಡುಗಳು ಊರೂರು ತಿರುಗುವಾಗ ಒಂದರ ಕುರಿ ಇನ್ನೊಂದರಲ್ಲಿ ಸೇರಿಹೋಗುವುದುಂಟು. ತಿಂಗಳುಗಟ್ಟಲೆ ಅಲ್ಲಿಯೇ ಮೇಯುತ್ತದೆ, ಅಲ್ಲಿಯೇ ಮರಿ ಹಾಕುತ್ತದೆ. ಆದರೆ ಎಳವೆಯಲ್ಲಿ ಕಿವಿಗೆ ಹಾಕಿದ ಕತ್ತರಿ ಗುರುತು ಹಾಗೆಯೇ ಇರುತ್ತದೆ. ಹಿಂಡುಗಳು ಮತ್ತೆ ಎದುರಾದಾಗ ಕುರುಬರು ಜಗಳವಾಡುವುದಿಲ್ಲ, ಕಿವಿ ಹಿಡಿದು ನೋಡುತ್ತಾರೆ. ಕುರಿಗೆ ತನ್ನ ಕಿವಿ ಕಾಣುವುದಿಲ್ಲ.

ಈ ಹೋಲಿಕೆಗೆ ಆಕ್ಷೇಪವಿದೆ, ಅದು ಬಲವಾದ ಆಕ್ಷೇಪ. ಬೇವಿನ ಮರದಡಿಯ ಹಿರಿಯರ ಪ್ರಶ್ನೆಯೇ ಅದು. ಗುರುತು ಅಳಿಯುವುದೇ ಇಲ್ಲವಾದರೆ ಬಿಸಿಲಲ್ಲಿ ಹಿಂಡಿನೊಡನೆ ನಡೆದ ಕುರಿಗಳಿಗೆ ಏನು ಸಿಕ್ಕಿತು? ಸಿಪ್ರಿಯನ್ನನ ಕಾಲದಲ್ಲಿಯೂ ಸೆರೆಮನೆಯಿಂದ ಗಾಯಗೊಂಡು ಹೊರಬಂದವರಿದ್ದರು. ಆಶ್ಚರ್ಯವೆಂದರೆ, ಬಿದ್ದವರನ್ನು ಸೇರಿಸಿಕೊಳ್ಳಿರೆಂದು ಎಲ್ಲರಿಗಿಂತ ಮೊದಲು ಶಿಫಾರಸು ಪತ್ರ ಬರೆದುಕೊಟ್ಟವರು ಆ ಗಾಯಾಳುಗಳೇ. ಅವರು ಧಾರಾಳವಾಗಿ ಬರೆದುಕೊಡುತ್ತಾರೆಂದು ಬಿಷಪನೇ ಕೈ ತಡೆಯಬೇಕಾಯಿತು. ನಿಂತವರಿಗೆ ನಿಲ್ಲುವುದೆಷ್ಟು ಕಷ್ಟವೆಂದು ಗೊತ್ತು. ನಮ್ಮ ಹಿರಿಯರು ಕೀರ್ತನೆ ಹೇಳಿದ್ದೂ ಆ ಅಧಿಕಾರದಿಂದಲೇ ಎಂದು ನಮ್ಮ ಎಣಿಕೆ. ಅವರ ಪ್ರಶ್ನೆಗೆ ಬೆಲೆಯಿಲ್ಲವೆಂದು ಯಾರೂ ತಿಳಿಯಬಾರದು. ಅವರ ಮಕ್ಕಳು ಕೂಲಿ ಮಾಡಿದ ವರ್ಷಗಳನ್ನು ಸಭೆ ಎಂದಾದರೂ ಎದ್ದುನಿಂತು ನೆನೆದಿದ್ದರೆ, ಅಂದು ಆ ಪ್ರಶ್ನೆ ಅಷ್ಟು ನೋವಿನಿಂದ ಬರುತ್ತಿರಲಿಲ್ಲ.

ಹೋದ ಬೇಸಗೆಯಲ್ಲಿ ಮಾವನ ಮೊಮ್ಮಗಳು ನಮ್ಮಲ್ಲಿಗೆ ಬಂದಿದ್ದಳು. ದಾದಿಯರ ಶಿಕ್ಷಣಕ್ಕೆ ಸೇರಬೇಕೆಂದಿದ್ದಾಳೆ. ಅವಳು ಎರಡು ವರ್ಷದಿಂದ ತಾನಾಗಿಯೇ ಗುಡಿಗೆ ಹೋಗತೊಡಗಿದ್ದಾಳೆ. ತಂದೆಗೆ ಅದು ಅಷ್ಟಾಗಿ ಇಷ್ಟವಿಲ್ಲ. ದಾಖಲೆಯಲ್ಲಿ ತಂದೆಯ ಜಾತಿ, ಧರ್ಮ ಇದ್ದಂತೆಯೇ ಇವೆ. ‘ಇದರಲ್ಲಿ ರುಜು ಹಾಕಿದರೆ ನನ್ನ ರಕ್ಷಣೆ ಹೋಗುತ್ತದೆಯೇ?’ ಎಂದು ನೇರವಾಗಿ ಕೇಳಿದಳು. ಮನೆಯಲ್ಲಿ ಇನ್ನಾರೂ ಅಷ್ಟು ನೇರವಾಗಿ ಕೇಳಿದ್ದಿಲ್ಲ. ರುಜುವಿನಿಂದ ಬಂದದ್ದಲ್ಲವಾದ್ದರಿಂದ ರುಜುವಿನಿಂದ ಹೋಗುವುದಿಲ್ಲ, ಆದರೆ ಸುಳ್ಳಿಗೆ ರುಜು ಹಾಕಿದ ಕೈ ನಿನ್ನ ಜೊತೆಗೇ ಇರುತ್ತದೆ, ಅದನ್ನು ನೀನೇ ಯೋಚಿಸು ಎಂದೆವು. ನೂರಕ್ಕೆ ಹದಿನೈದು ಎಷ್ಟು, ನೂರಕ್ಕೆ ಒಂದು ಎಷ್ಟು ಎಂಬ ಲೆಕ್ಕವನ್ನೂ ಅವಳೆದುರಿಗೆ ಬಚ್ಚಿಡಲಿಲ್ಲ. ಅಜ್ಜ ಏನು ಮಾಡಿದ್ದರೆಂದು ಕೇಳಿದಳು. ಶೇಂಗಾ ಚೀಲದ ಕಥೆಯನ್ನು ಹೇಳಿದೆವು. ಅವಳು ಅದನ್ನು ಕೇಳಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, ಅರ್ಜಿಗೆ ಕೊನೆಯ ದಿನ ಶುಕ್ರವಾರವೆಂದು ಹೇಳಿ, ಕಾಗದವನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ಮಡಕಶಿರೆಯ ಬಸ್ಸು ಹಿಡಿಯಲು ಎದ್ದಳು.